ಒಂದನೇ ನಂಬರಿನ ಟ್ರಿಗರ್

ಎಲ್ಲದಕ್ಕೂ ಮೂಲ ಒಂದು ಕಪ್ಪು ವೈರು. ಸ್ಟುಡಿಯೊದ ಕ್ಯಾಮೆರಾದಿಂದ ಹೊರಟು, ದೂರದಲ್ಲಿ ಸ್ಟ್ಯಾಂಡಿನ ಮೇಲೆ ನಿಂತ ಫ್ಲ್ಯಾಶಿನವರೆಗೂ ಅದು ನೆಲದ ಮೇಲೆ ಅಂಕುಡೊಂಕಾಗಿ ಬಿದ್ದಿರುತ್ತಿತ್ತು. ಹೋದ ವಾರ ಒಂದು ಸಮಾರಂಭದಲ್ಲಿ ಮುಖ್ಯ ಅತಿಥಿಗಳ ಕಾಲು ಅದಕ್ಕೆ ಸಿಕ್ಕಿಕೊಂಡಿತು. ಅವರು ಮುಗ್ಗರಿಸಿ, ಇನ್ನೂ ಕತ್ತರಿಸದ ಕೇಕಿನೊಳಗೆ ಮೊಣಕೈವರೆಗೂ ಹೂತುಹೋದರು. ಅವತ್ತಿನ ಅಷ್ಟೂ ಫೋಟೊಗಳಲ್ಲಿ ಸ್ಪಷ್ಟವಾಗಿ ಬಂದದ್ದು ಅದೊಂದೇ.

ಸ್ಟುಡಿಯೊ ಭಾವನದು. ಭಾವ ಆ ವೈರನ್ನು ಕತ್ತರಿಯಿಂದ ತುಂಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಒದ್ದ. ಒದ್ದ ರಭಸಕ್ಕೆ ಸೊಂಟ ಹಿಡಿದುಕೊಂಡಿತು. ಹೀಗಾಗಿ ಕೊಡೆ ಕಾರ್ಖಾನೆಯ ಫೋಟೊಕ್ಕೆ ಹೋಗುವ ಭಾರ ಬಾಮೈದನ ತಲೆ ಮೇಲೆ ಬಿತ್ತು.

ಬಾಮೈದನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ರೆಡಿನಾ ಎಂದು. ಕ್ಯಾಮೆರಾ ಹಿಡಿದಾಗ ಬಟನ್ ಒತ್ತುವ ಮುಂಚೆ "ರೆಡಿನಾ?" ಎಂದು ಕೇಳುತ್ತಿದ್ದ. ಹೂಂ ಎಂದರೂ ಸಮಾಧಾನವಾಗದೆ ಮತ್ತೆ ಕೇಳುತ್ತಿದ್ದ. ಎದುರಿಗಿದ್ದವರ ನಗು ಬಿಸಿಲಿಗೆ ಹಾಕಿದ ಅಂಟಿನ ಹಾಗೆ ಒಣಗಿ, ಬಿರುಕು ಬಿಟ್ಟು, ಉದುರಿಹೋದ ಮೇಲೆ ಒತ್ತುತ್ತಿದ್ದ. ಅದೂ ಕಣ್ಣು ಮುಚ್ಚಿಕೊಂಡು. ಊರವರಿಗೆಲ್ಲ ಕಣ್ಣು ಮುಚ್ಚಬೇಡಿ ಅನ್ನೋನು, ಫ್ಲ್ಯಾಶ್ ಮಿಂಚಿದರೆ ಮೊದಲು ತಾನೇ ಮುಚ್ಚುತ್ತಾನೆ ಎಂದು ಅವನ ಅಕ್ಕ ಹೇಳಿಕೊಂಡು ನಗುತ್ತಿದ್ದಳು. ಇಂಥ ಗುಣದಿಂದಾಗಿ ಕ್ಯಾಮೆರಾ ಅವನ ಕೈಗೆ ಬರುತ್ತಿದ್ದದ್ದೇ ಅಪರೂಪ. ಉಳಿದ ದಿನವೆಲ್ಲ ಸ್ಟುಡಿಯೊದ ಹಿಂದಿನ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿಕೊಂಡು, ಲ್ಯಾಮಿನೇಷನ್ ಯಂತ್ರದ ಮುಂದೆ ಕೂತಿರುತ್ತಿದ್ದ. ಕಾದ ಪ್ಲಾಸ್ಟಿಕ್ ವಾಸನೆ ಅವನ ಅಂಗಿಗಷ್ಟೇ ಅಲ್ಲ, ಕನಸಿಗೂ ಹತ್ತಿತ್ತು. ಬೀದಿಗೆಲ್ಲ ಅದೊಂದೇ ಲ್ಯಾಮಿನೇಷನ್ ಯಂತ್ರ. ಎದುರು ಸ್ಟುಡಿಯೊದ ಫೋಟೊಗಳು ಕೂಡ ಇಲ್ಲಿಗೇ ಬರುತ್ತಿದ್ದವು.

ಬೆಳಿಗ್ಗೆ ಭಾವ ಹಾಸಿಗೆಯಲ್ಲಿ ಬೋರಲು ಮಲಗಿಕೊಂಡೇ ಅಪ್ಪಣೆ ಕೊಡಿಸಿದ. ಕಾರ್ಖಾನೆಯ ಮೇಲ್ವಿಚಾರಕಿ ಇವತ್ತು ನಿವೃತ್ತಿ ಆಗುತ್ತಿದ್ದಾರೆ. ಕೆಲಸಗಾರರ ಜೊತೆ ಒಂದು ಗುಂಪು ಫೋಟೊ ಬೇಕು. ದಾರಿಯಲ್ಲಿ ವೈರಿಲ್ಲದ ಟ್ರಿಗರ್ ಒಂದು ತೆಗೆದುಕೊಂಡು ಹೋಗಬೇಕು. ಫೋಟೊ ಮೆಚ್ಚಿಗೆಯಾದರೆ ಕಾರ್ಖಾನೆಯ ಫೋಟೊ ಕೆಲಸವೆಲ್ಲ ಇನ್ನು ಮುಂದೆ ನಮಗೇ ಎಂದು ಮಾಲೀಕರು ಬಾಯಿಬಿಟ್ಟು ಹೇಳಿದ್ದಾರೆ.

"ನೋಡು," ಅಂದ ಭಾವ, ದಿಂಬಿನೊಳಗಿಂದ. "ಇದೊಂದು ಸರಿಯಾಗಿ ಮಾಡ್ಕೊಂಡು ಬಾ, ಕ್ಯಾಮೆರಾ ನಿನ್ನ ಕೈಲೇ ಇರಲಿ. ನಂಗೂ ಈ ಸೊಂಟ ಇಟ್ಕೊಂಡು ಓಡಾಡೋಕಾಗಲ್ಲ. ಕೆಡಿಸ್ಕೊಂಡು ಬಂದೆಯೋ, ನಿನಗೂ ಲ್ಯಾಮಿನೇಷನ್‌ಗೂ ಜನ್ಮದ ನಂಟು ಅಂತ ತಿಳ್ಕೋ."

ರೆಡಿನಾ ಕ್ಯಾಮೆರಾದ ಚೀಲವನ್ನು ಎದೆಗೆ ಅವಚಿಕೊಂಡು, ಫ್ಲ್ಯಾಶಿನ ಸ್ಟ್ಯಾಂಡನ್ನೂ ಕೊಡೆಯನ್ನೂ ಹೆಗಲಿಗೇರಿಸಿಕೊಂಡು ಹೊರಟ.

ಕ್ಯಾಮೆರಾ ಸಾಮಾನಿನ ಅಂಗಡಿಯವನು ಟ್ರಿಗರ್ ಎಂದ ಕೂಡಲೇ ಕಪಾಟಿನಿಂದ ಡಬ್ಬಗಳನ್ನು ಇಳಿಸಿ ಗಾಜಿನ ಮೇಲೆ ಸಾಲಾಗಿ ಜೋಡಿಸಿದ. ಎಲ್ಲವೂ ಮಾಡುವ ಕೆಲಸ ಒಂದೇ. ಒಂದು ಪುಟ್ಟ ತುಂಡು ಕ್ಯಾಮೆರಾದ ನೆತ್ತಿಯ ಮೇಲೆ ಕೂರುತ್ತದೆ, ಇನ್ನೊಂದು ಫ್ಲ್ಯಾಶಿನ ಬುಡದಲ್ಲಿ. ಇಲ್ಲಿ ಬಟನ್ ಒತ್ತಿದರೆ ಮೇಲಿನದು ರೇಡಿಯೊ ಹಾಗೆ ಗಾಳಿಯಲ್ಲೇ ಸುದ್ದಿ ಕಳಿಸುತ್ತದೆ, ಅಲ್ಲಿ ಫ್ಲ್ಯಾಶ್ ಮಿಂಚುತ್ತದೆ. ಆದರೆ ಒಂದು ಬಲು ದೂರದವರೆಗೆ ಹೋಗುತ್ತಂತೆ. ಇನ್ನೊಂದು ಬೆಳಕು ಎಷ್ಟು ಬೇಕೆಂದು ತಾನೇ ಲೆಕ್ಕ ಹಾಕುತ್ತಂತೆ. ಮತ್ತೊಂದಕ್ಕೆ ಬ್ಯಾಟರಿಯೇ ಬೇಡ, ಫೋನಿನ ಹಾಗೆ ಚಾರ್ಜ್ ಮಾಡಬಹುದಂತೆ.

ರೆಡಿನಾ ಒಂದೊಂದನ್ನೇ ಕೈಗೆತ್ತಿಕೊಂಡ. ಒಂದೊಂದರಲ್ಲೂ ಅವನಿಗೆ ಒಂದೊಂದು ಅನಾಹುತ ಕಂಡಿತು. ದೂರ ಹೋಗುವುದು ಎಲ್ಲಿಗೋ ಹೋಗಿಬಿಟ್ಟರೆ? ತಾನೇ ಲೆಕ್ಕ ಹಾಕುವುದು ತಪ್ಪು ಲೆಕ್ಕ ಹಾಕಿದರೆ? ಚಾರ್ಜಿನದು ನಡುವೆ ಪ್ರಾಣ ಬಿಟ್ಟರೆ? ಗಡಿಯಾರದ ಬ್ಯಾಟರಿ ಕೊಳ್ಳಲು ಬಂದಿದ್ದ ಒಬ್ಬರು ತಮ್ಮ ಕೆಲಸ ಮರೆತು ಪಕ್ಕಕ್ಕೆ ಬಂದು ನಿಂತರು. ತಮಗೆ ಫೋಟೊದ ಗಂಧಗಾಳಿ ಇಲ್ಲ, ಆದರೂ ವಸ್ತು ತೂಕವಾಗಿದ್ದರೆ ಬಾಳಿಕೆ ಬರುತ್ತದೆ ಎಂದು ಹೇಳಿ, ಎರಡು ಡಬ್ಬಗಳನ್ನು ಎರಡು ಅಂಗೈಯಲ್ಲಿ ಹಿಡಿದು ತಕ್ಕಡಿಯ ಹಾಗೆ ಮೇಲೆ ಕೆಳಗೆ ಆಡಿಸಿದರು. ರೆಡಿನಾ ಅಕ್ಕನಿಗೆ ಫೋನು ಮಾಡಿದ. ಅಕ್ಕ ಭಾವನ ಸೊಂಟಕ್ಕೆ ಎಣ್ಣೆ ತಿಕ್ಕುತ್ತಿದ್ದಳು.

"ನಿಂಗೆ ಚಪ್ಪಲಿ ಕೊಳ್ಳೋಕೂ ನಾನೇ ಬರಬೇಕು," ಎಂದಳು. "ಯಾವುದೋ ಒಂದು ತಗೊಳ್ಳೋ, ಹೊತ್ತಾಯ್ತು."

ಯಾವುದೋ ಒಂದು. ಅವನಿಗೆ ಹೆದರಿಕೆ ಇದ್ದದ್ದೇ ಅದರದ್ದು. ಆಗ ತಲೆಯಲ್ಲಿ ದೀಪ ಹತ್ತಿತು. ಎದುರು ಸ್ಟುಡಿಯೊದಣ್ಣ. ಎಂದೂ ರೆಡಿನಾ ಎಂದು ಕೇಳದ, ಬಂದು, ನೋಡಿ, ಒತ್ತಿ, ಹೋಗಿಬಿಡುವ ಮನುಷ್ಯ. ಅವನ ಫೋಟೊಗಳನ್ನು ಲ್ಯಾಮಿನೇಟ್ ಮಾಡುತ್ತ ಮಾಡುತ್ತ ರೆಡಿನಾ ಹೊಟ್ಟೆಕಿಚ್ಚು ಪಟ್ಟು, ಅದು ಸಾಕಾಗಿ ಭಕ್ತನೇ ಆಗಿಬಿಟ್ಟಿದ್ದ.

"ನಮ್ಮ ಎದುರು ಸ್ಟುಡಿಯೊದಣ್ಣ ಯಾವುದು ತಗೊಂಡ್ರು?"

ಅಂಗಡಿಯವನು ಒಂದು ಡಬ್ಬ ಮುಂದೆ ತಳ್ಳಿದ.

"ಅದನ್ನೇ ಕೊಡಿ."

"ಇದರಲ್ಲಿ ಒಂದು ಚಿಕ್ಕ ಚಕ್ರ ಇದೆ. ನಂಬರ್ ಇಟ್ಕೋಬೇಕು. ನೀವು—"

"ಅವರದ್ದು ಎಷ್ಟರಲ್ಲಿದೆ?"

"ಒಂದರಲ್ಲಿ. ಆದ್ರೆ ನೀವು—"

"ನಂದೂ ಒಂದರಲ್ಲೇ ಇರಲಿ," ಎಂದ ರೆಡಿನಾ. ಬಹಳ ದಿನಗಳ ಮೇಲೆ ಅವನ ದನಿಯಲ್ಲಿ ಒಂದು ಗಟ್ಟಿತನ ಬಂದಿತ್ತು. ಅಂಗಡಿಯವನು ಮತ್ತೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗಡಿಯಾರದವರು ತಮ್ಮ ಬ್ಯಾಟರಿ ತೂಕ ಕಮ್ಮಿ ಇದೆ ಎಂದು ತಕರಾರು ತೆಗೆದರು. ರೆಡಿನಾ ಡಬ್ಬ ಬಗಲಿಗೆ ಸೇರಿಸಿಕೊಂಡು ಬೀದಿಗಿಳಿದಾಗಿತ್ತು.

ಕಾರ್ಖಾನೆಯ ಬಾಗಿಲಲ್ಲಿ ಕಾವಲುಗಾರ ಅವನನ್ನು ತಡೆದು, ಮೇಲಿನ ಗ್ಯಾಲರಿಯಲ್ಲಿ ಹೊಸ ಕೊಡೆಗಳ ಫೋಟೊ ತೆಗೆಯುತ್ತಿದ್ದಾರೆ, ಅತ್ತ ಹೋಗಬೇಡಿ, ನಿಮ್ಮದು ಕೆಳಗಿನ ಹಾಲು ಎಂದ. ರೆಡಿನಾನ ಕಿವಿಗೆ ಬಿದ್ದದ್ದು ಕೆಳಗಿನ ಹಾಲು ಎನ್ನುವುದಷ್ಟೇ. ಅವನು ಮನಸ್ಸಿನಲ್ಲಿ ಆಗಲೇ ನೂರನೇ ಸಲ ಬ್ಯಾಟರಿ ಹಾಕಿ ತೆಗೆದು ಮಾಡುತ್ತಿದ್ದ.

ಹಾಲಿನ ಕಿಟಕಿಗಳಿಗೆಲ್ಲ ಬಟ್ಟೆಯ ಸುರುಳಿಗಳನ್ನು ಆನಿಸಿ ಇಟ್ಟಿದ್ದರು. ಒಳಗೆ ಮಬ್ಬು. ಪಕ್ಕದ ಗೋಡೆಯ ಉದ್ದಕ್ಕೂ ಮೇಲೆ ಗ್ಯಾಲರಿ, ಅದಕ್ಕೆ ಅಡ್ಡವಾಗಿ ಬಿಳಿ ಪರದೆ. ಫ್ಲ್ಯಾಶ್ ಇಲ್ಲದಿದ್ದರೆ ಇಲ್ಲಿ ಮನುಷ್ಯರಿಗೂ ಮೂಟೆಗಳಿಗೂ ವ್ಯತ್ಯಾಸ ತಿಳಿಯುವುದಿಲ್ಲ ಎಂದುಕೊಂಡ ರೆಡಿನಾ ಸ್ಟ್ಯಾಂಡು ನಿಲ್ಲಿಸಿ, ಫ್ಲ್ಯಾಶ್ ಸಿಕ್ಕಿಸಿ, ಬೆಳಕು ಮೆತ್ತಗೆ ಹರಡಲೆಂದು ತನ್ನ ಬಿಳಿ ಕೊಡೆ ಬಿಚ್ಚಿ ಅದರ ಮುಂದೆ ಕಟ್ಟಿದ.

ಅದು ತಪ್ಪಾಯಿತು. ಅಲ್ಲಿದ್ದವರೆಲ್ಲ ಹುಟ್ಟಿದಂದಿನಿಂದ ಕೊಡೆ ಮಾಡಿದವರು. ಬಂದು ಸುತ್ತ ನಿಂತರು. ಒಬ್ಬಳು ಕಡ್ಡಿ ಮುಟ್ಟಿ ನೋಡಿ ತುಟಿ ಮಡಚಿದಳು. ಇನ್ನೊಬ್ಬಳು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, ಇದು ಅಂಗಿಯ ಅಸ್ತರಿಗೂ ಆಗುವುದಿಲ್ಲ ಎಂದಳು. ಹಿಡಿಕೆ ಜೋಡಿಸುವ ದಪ್ಪ ಮೀಸೆಯವನೊಬ್ಬ, ಹಿಡಿಕೆಯೇ ಇಲ್ಲದ ಕೊಡೆಯನ್ನು ಕಂಡು, ತಲೆಯಿಲ್ಲದ ಮನುಷ್ಯನನ್ನು ಕಂಡವನ ಹಾಗೆ ಹಿಂದೆ ಸರಿದ. ಕೊನೆಗೆ ಮೇಲ್ವಿಚಾರಕಿಯೇ ಎದ್ದು ಬಂದರು. ಅವರನ್ನು ಕಾರ್ಖಾನೆಯಲ್ಲಿ ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಕಿವಿಯಲ್ಲಿ ಕೇಳಿಸುವ ಯಂತ್ರ, ಕೈಯಲ್ಲಿ ಬೆಳ್ಳಿಯ ಬಣ್ಣದ ಕತ್ತರಿ.

"ಯಾರಪ್ಪ ಹೊಲಿದಿದ್ದು ಇದನ್ನ?"

"ಕೊಂಡಿದ್ದು, ದೊಡ್ಡಮ್ಮ."

"ಕೊಂಡಿದ್ದೋ, ಬಿದ್ದು ಸಿಕ್ಕಿದ್ದೋ? ಇಂಥದ್ದರ ಪಕ್ಕ ಕೂತು ಫೋಟೊ ತೆಗೆಸ್ಕೊಂಡ್ರೆ ನೋಡಿದೋರು ಏನಂದಾರು? ಬಿಚ್ಚಿ ಕೊಡು ಇಲ್ಲಿ."

ಬಿಚ್ಚಿ ಕೊಡಬೇಕಾಯಿತು. ಅವರು ಕೂತು ಅಂಚನ್ನೆಲ್ಲ ಹೊಲಿದು, ಸಡಿಲವಾಗಿದ್ದ ಕಡ್ಡಿಗಳನ್ನು ಬಿಗಿ ಮಾಡಿಸಿದರು. ಮಾಲೀಕರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡರು.

ಅಂತೂ ಎಲ್ಲರೂ ಸಾಲಾಗಿ ನಿಂತರು. ಕೈಯಲ್ಲಿ ಒಂದೊಂದು ಬಣ್ಣದ ಕೊಡೆ ಬಿಚ್ಚಿಕೊಂಡರು. ನಡುವೆ ಕುರ್ಚಿಯಲ್ಲಿ ದೊಡ್ಡಮ್ಮ, ಪಕ್ಕದಲ್ಲಿ ಮಾಲೀಕರು. ರೆಡಿನಾ ಕ್ಯಾಮೆರಾ ಎತ್ತಿದ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡ.

"ರೆಡಿನಾ?"

ಫಳ್ ಎಂದಿತು ಫ್ಲ್ಯಾಶ್.

ಸಾಲು ಸಡಿಲವಾಯಿತು. ಚೆನ್ನಾಗಿ ಬಂತಾ ಎಂದು ಯಾರೋ ಕೇಳಿದರು. ಕೊಡೆಗಳು ಮುಚ್ಚತೊಡಗಿದವು. ರೆಡಿನಾ ತನ್ನ ಬೆರಳನ್ನೇ ನೋಡಿಕೊಂಡ. ಬೆರಳು ಬಟನ್ನಿನ ಮೇಲಿತ್ತು, ಆದರೆ ಒತ್ತಿರಲಿಲ್ಲ. ಗಾಬರಿಯಲ್ಲಿ ಈಗ ಒತ್ತಿದ. ಈಗ ಫ್ಲ್ಯಾಶ್ ಮಿಂಚಲಿಲ್ಲ. ಅದು ಭಾವನ ಕಾಲದ ಹಳೆಯ ಫ್ಲ್ಯಾಶು, ಒಮ್ಮೆ ಮಿಂಚಿದರೆ ಮತ್ತೆ ಉಸಿರು ತುಂಬಿಕೊಳ್ಳಲು ಸಮಯ ಬೇಕು. ಕ್ಯಾಮೆರಾದ ಪರದೆಯ ಮೇಲೆ ಬಂದದ್ದು ಬರೀ ಕತ್ತಲೆ. ಕತ್ತಲೆಯ ನಡುವೆ ದೊಡ್ಡಮ್ಮನ ಕತ್ತರಿ ಮಾತ್ರ ಮಸುಕಾಗಿ ಹೊಳೆಯುತ್ತಿತ್ತು.

"ಇನ್ನೊಂದು, ಇನ್ನೊಂದೇ ಒಂದು," ಎಂದ. ಕೊಡೆಗಳು ಮತ್ತೆ ಬಿಚ್ಚಿಕೊಂಡವು. ಈ ಸಲ ಅವನು ರೆಡಿ ಎನ್ನುವಷ್ಟರಲ್ಲೇ ಫಳ್ ಎಂದಿತು. ಅದರ ಮುಂದಿನ ಸಲ ಕ್ಯಾಮೆರಾ ಎತ್ತುವ ಮೊದಲೇ. ಇನ್ನೊಮ್ಮೆ ಅವನು ಮೂಗು ಒರೆಸಿಕೊಳ್ಳುತ್ತಿದ್ದಾಗ. ಅವನಾಗಿ ಒತ್ತಿದಾಗ ಮಾತ್ರ ಫ್ಲ್ಯಾಶ್ ಮುನಿಸಿಕೊಂಡ ಅಳಿಯನ ಹಾಗೆ ಮುಖ ತಿರುಗಿಸಿಕೊಂಡು ಸುಮ್ಮನಿರುತ್ತಿತ್ತು. ಹಿಂದಿನ ಸಾಲಿನ ಹೆಂಗಸರು ಕಿಸಕ್ಕೆಂದರು. ಅದಕ್ಕೆ ನಿನಗಿಂತ ಆತುರ ಕಣಪ್ಪ, ನೀನು ಕೇಳೋದು ಬಿಟ್ಟು ಅದನ್ನೇ ಕೇಳು ಎಂದಳು ಒಬ್ಬಳು.

ಬೆದರಿದ ರೆಡಿನಾ ಈಗ ಫ್ಲ್ಯಾಶ್ ಮಿಂಚುವ ಮೊದಲೇ ಕಣ್ಣು ಮುಚ್ಚಿಕೊಳ್ಳತೊಡಗಿದ್ದ. ಮುಚ್ಚಿದ ರೆಪ್ಪೆಯ ಒಳಗೆ ಲ್ಯಾಮಿನೇಷನ್ ಯಂತ್ರ ಹಲ್ಲು ಕಿರಿಯುತ್ತಿತ್ತು.

ಆಗ ಹಿಡಿಕೆಯವನು ಮುಂದೆ ಬಂದ. ವಿಷಯ ಏನೆಂದು ವಿಚಾರಿಸಿದ. ಇದು ರೇಡಿಯೊದಿಂದ ನಡೆಯೋದು ಎಂದು ರೆಡಿನಾ ಬಾಯಿ ತಪ್ಪಿ ಹೇಳಿಬಿಟ್ಟ. ಹಿಡಿಕೆಯವನ ಮನೆಯಲ್ಲಿ ಹಿಂದೆ ಒಂದು ರೇಡಿಯೊ ಇತ್ತಂತೆ, ಮಿಕ್ಸರ್ ಹಾಕಿದರೆ ಕರಕರ ಅನ್ನುತ್ತಿತ್ತಂತೆ. ಹಾಗಾದರೆ ಇಲ್ಲೂ ಯಾವುದೋ ಯಂತ್ರ ಅಡ್ಡ ಬರುತ್ತಿದೆ ಎಂದು ಅವನು ತೀರ್ಪು ಕೊಟ್ಟ. ಫ್ಯಾನುಗಳು ನಿಂತವು. ಬಟ್ಟೆ ಕತ್ತರಿಸುವ ಯಂತ್ರ ನಿಂತಿತು. ಎಲ್ಲರ ಫೋನುಗಳೂ ಆರಿದವು. ಮಾಲೀಕರ ಫೋನನ್ನೂ ಕೇಳಿ ಪಡೆದು, ಸ್ವತಃ ಆರಿಸಿ, ಬಟ್ಟೆಯ ಸುರುಳಿಯೊಳಗೆ ಬಚ್ಚಿಟ್ಟ. ಸೆಕೆಯಲ್ಲಿ ಎಲ್ಲರ ಮುಖವೂ ಎಣ್ಣೆ ಹಚ್ಚಿದ ತಟ್ಟೆಯ ಹಾಗೆ ಹೊಳೆಯತೊಡಗಿತು. ಫ್ಲ್ಯಾಶ್ ಮತ್ತೆ ಫಳ್ ಎಂದಿತು.

ಹಿಡಿಕೆಯವನ ಕಣ್ಣು ಹಾಲನ್ನೆಲ್ಲ ಸುತ್ತಿ, ಕೊನೆಗೆ ದೊಡ್ಡಮ್ಮನ ಕಿವಿಯ ಮೇಲೆ ಬಂದು ನಿಂತಿತು.

"ದೊಡ್ಡಮ್ಮ, ಒಂದು ಗಳಿಗೆ ಅದನ್ನ ತೆಗೆದಿಡ್ತೀರಾ?"

ದೊಡ್ಡಮ್ಮ ತೆಗೆದು ಮಡಿಲಲ್ಲಿಟ್ಟುಕೊಂಡರು. ಅಲ್ಲಿಂದಾಚೆಗೆ ಅವರಿಗೆ ಲೋಕದ ಸದ್ದು ನಿಂತಿತು, ಲೋಕಕ್ಕೆ ಅವರ ಸದ್ದು ಹೆಚ್ಚಾಯಿತು. ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಅವರು ಆಡಿದ್ದು ಹೊರಗಿನ ಕಾವಲುಗಾರನಿಗೂ ಕೇಳುವಂತಿತ್ತು.

ಮಾಲೀಕರು ಹೊತ್ತು ಮೀರಿತೆಂದು ಚಡಪಡಿಸುತ್ತಿದ್ದರು. ಆದರೂ ಪ್ರತಿ ಸಲ ಕ್ಯಾಮೆರಾ ಮೇಲೆದ್ದಾಗ ಹೊಟ್ಟೆಯನ್ನು ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು, ಕೆಂಪಗಾಗುತ್ತಿದ್ದರು. ಕ್ಯಾಮೆರಾ ಕೆಳಗಿಳಿದರೆ ಹೊಟ್ಟೆಯೂ ನಿಟ್ಟುಸಿರಿನೊಂದಿಗೆ ಹೊರಗೆ ಬರುತ್ತಿತ್ತು. ಇದನ್ನು ಎಲ್ಲರೂ ಕಂಡಿದ್ದರು, ಕಾಣದವರ ಹಾಗೆ ಇದ್ದರು.

ರೆಡಿನಾ ಕೊನೆಯ ಸಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡ. ಇನ್ನು ಕೇಳುವುದಿಲ್ಲ, ಎತ್ತಿದ ಕೂಡಲೇ ಒತ್ತಿಬಿಡುವುದು. ಎತ್ತಿದ. ಮಾಲೀಕರ ಹೊಟ್ಟೆ ಒಳಗೆ ಹೋಯಿತು. ನಾಲಿಗೆಗೆ ಅಭ್ಯಾಸ.

"ರೆಡಿನಾ?"

ದೊಡ್ಡಮ್ಮ ಪಕ್ಕದವಳ ಕಡೆ ವಾಲಿ ಗುಟ್ಟು ಹೇಳಿದರು. "ಈ ಹುಡುಗ ಅಷ್ಟು ಸಲ ಕೇಳ್ತಿರೋದು ನಮ್ಮನ್ನಲ್ಲ ಕಣೇ, ಮಾಲೀಕರ ಹೊಟ್ಟೇನ. ಅದು ಒಪ್ಪೋವರೆಗೂ ನಮ್ಮ ಫೋಟೊ ಬರಲ್ಲ."

ಮೊದಲು ನಕ್ಕವರು ಮಾಲೀಕರೇ. ಹಿಡಿದಿಟ್ಟಿದ್ದ ಉಸಿರೆಲ್ಲ ಒಮ್ಮೆಗೇ ನಗೆಯಾಗಿ ಹೊರಬಿತ್ತು. ಇಡೀ ಸಾಲು ಗಾಳಿ ಹೊಕ್ಕ ಕೊಡೆಗಳ ಹಾಗೆ ಅಲುಗಾಡಿತು. ಹಿಂದಿನವರು ಮುಂದಿನವರ ಹೆಗಲ ಮೇಲೆ ಬಿದ್ದರು. ಏನಾಯಿತೆಂದು ತಿಳಿಯದ ದೊಡ್ಡಮ್ಮನೂ ಎಲ್ಲರನ್ನೂ ನೋಡಿ ಬಾಯ್ತುಂಬ ನಕ್ಕರು. ರೆಡಿನಾ ಕಕ್ಕಾಬಿಕ್ಕಿಯಾಗಿ, ಬಾಯಿ ತೆರೆದುಕೊಂಡು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಂತ.

ಫಳ್.

"ಇದು ಬಂತು ನೋಡಿ," ಎಂದರು ಮಾಲೀಕರು, ಕಣ್ಣೀರು ಒರೆಸಿಕೊಳ್ಳುತ್ತ. "ಬಂತು ತಾನೇ?"

ಅಷ್ಟರಲ್ಲಿ ಕಾರ್ಖಾನೆಯ ಗಂಟೆ ಹೊಡೆಯಿತು. ಬಾಗಿಲಲ್ಲಿ ದೊಡ್ಡಮ್ಮನ ಮಗಳು ಕಾರು ನಿಲ್ಲಿಸಿಕೊಂಡು ಬಂದಿದ್ದಳು, ಅವರಿನ್ನು ಮಗಳ ಊರಿಗೆ. ಸಾಲು ಒಡೆದು ಹೋಗಿತ್ತು. ಮಾಲೀಕರ ಕಣ್ಣು ರೆಡಿನಾನ ಮುಖದ ಮೇಲೇ ಇತ್ತು. ಬೆರಳು ಈ ಸಲವೂ ಒತ್ತಿರಲಿಲ್ಲ, ಇಲ್ಲ ಎನ್ನಬೇಕು ಎಂದು ಅವನ ಮನಸ್ಸು ಕೂಗಿ ಹೇಳಿತು. ತಲೆ ತನ್ನಷ್ಟಕ್ಕೆ ತಾನೇ ಹೂಂ ಎಂದು ಆಡಿತು. ದೊಡ್ಡಮ್ಮ ಹೋಗುವಾಗ ಅವನ ಕೆನ್ನೆ ತಟ್ಟಿ, ಕೊಡೆ ಹುಷಾರು ಎಂದರು.

ಸಂಜೆವರೆಗೂ ಅವನು ಬೀದಿ ಬೀದಿ ಸುತ್ತಿದ. ಭಾವನಿಗೆ ಏನು ಹೇಳಬೇಕೆಂದು ಬಗೆಬಗೆಯಾಗಿ ಬಾಯಿಪಾಠ ಮಾಡಿದ. ಸ್ಟುಡಿಯೊ ಮೆಟ್ಟಿಲು ಹತ್ತುವಾಗ ಅದೆಲ್ಲ ಕಲಸಿಹೋಯಿತು. ಭಾವ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕೌಂಟರಿಗೆ ಒರಗಿಕೊಂಡು ನಿಂತಿದ್ದ. ರೆಡಿನಾ ಫ್ಲ್ಯಾಶನ್ನೂ ಅದರ ಬುಡದ ಟ್ರಿಗರನ್ನೂ ಆರಿಸಲು ಮರೆತು, ಹಾಗೆಯೇ ಕಪಾಟಿನ ಮೇಲಿಟ್ಟ.

"ಭಾವ, ಫೋಟೊ..." ಎಂದು ಶುರು ಮಾಡಿದ.

"ಫೋಟೊ ಅಂದ್ರೆ ಇದು ಕಣೋ," ಎಂದ ಭಾವ. ಅವನ ಕೈಯಲ್ಲಿ ಒಂದು ದೊಡ್ಡ ಪ್ರಿಂಟು ಇತ್ತು. ಎದುರು ಸ್ಟುಡಿಯೊದಣ್ಣ ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದ.

ರೆಡಿನಾ ನೋಡಿದ. ಬಣ್ಣ ಬಣ್ಣದ ಕೊಡೆಗಳು. ಅವುಗಳ ಕೆಳಗೆ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿರುವ ಜನ. ನಡುವೆ ಬಾಯ್ತುಂಬ ನಗುವ ದೊಡ್ಡಮ್ಮ. ಹೊಟ್ಟೆಯ ಹಂಗು ತೊರೆದು ನಗುವ ಮಾಲೀಕರು. ಒಬ್ಬರೂ ಕಣ್ಣು ಮುಚ್ಚಿರಲಿಲ್ಲ. ಬೆಳಕು ಒಂದು ಬದಿಯಿಂದ ಮೆತ್ತಗೆ, ಬೆಣ್ಣೆ ಸವರಿದ ಹಾಗೆ ಎಲ್ಲರ ಮುಖದ ಮೇಲೂ ಹರಿದಿತ್ತು.

ಅಣ್ಣ ಸಂಕೋಚದಿಂದ ವಿವರಿಸಿದ. ಗ್ಯಾಲರಿಯಲ್ಲಿ ಪರದೆ ಕಟ್ಟಿಕೊಂಡು ಬೆಳಿಗ್ಗೆಯಿಂದ ಹೊಸ ಕೊಡೆಗಳ ಫೋಟೊ ತೆಗೆಯುತ್ತಿದ್ದನಂತೆ. ಕೆಳಗೆ ನಗು ಕೇಳಿ, ಪರದೆ ಸರಿಸಿ, ಸುಮ್ಮನೆ ಬಗ್ಗಿ ಒಂದು ಒತ್ತಿದನಂತೆ.

"ನನ್ನ ಫ್ಲ್ಯಾಶ್ ಆ ಕಡೆ ತಿರುಗಿತ್ತು ಕಣಯ್ಯ. ಕಪ್ಪಗೆ ಬರುತ್ತೆ ಅಂದ್ಕೊಂಡೆ. ಬೆಳಕು ಎಲ್ಲಿಂದ ಬಂತೋ ದೇವರೇ ಬಲ್ಲ."

ಮಾಲೀಕರು ನೋಡಿ ಕುಣಿದಾಡಿಬಿಟ್ಟರಂತೆ. ಇನ್ನು ಮುಂದೆ ಕಾರ್ಖಾನೆಯ ಫೋಟೊ ಎಲ್ಲ ಅವನೇ ತೆಗೆಯಬೇಕಂತೆ. ಈಗ ಕೆಲಸಗಾರರಿಗೆಲ್ಲ ಒಂದೊಂದು ಪ್ರತಿ, ಲ್ಯಾಮಿನೇಷನ್ ಮಾಡಿಸಿ ಕೊಡಬೇಕಂತೆ. ಅದಕ್ಕೇ ಬಂದೆ ಎಂದು ಅಣ್ಣ ಕಾಲ ಬಳಿಯಿದ್ದ ಕಟ್ಟನ್ನು ಎತ್ತಿ ಕೌಂಟರಿನ ಮೇಲಿಟ್ಟ. ಭಾವ ಬಾಮೈದನ ಕೈಯಿಂದ ಕ್ಯಾಮೆರಾದ ಚೀಲ ಇಸಿದುಕೊಂಡು, ಒಳಗಿನದನ್ನು ನೋಡುವ ಗೋಜಿಗೂ ಹೋಗದೆ ಬೀರುವಿನಲ್ಲಿಟ್ಟು ಬೀಗ ಹಾಕಿದ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ರೆಡಿನಾನಿಗೆ.

ಅಣ್ಣ ಬೀದಿ ದಾಟಿ ತನ್ನ ಸ್ಟುಡಿಯೊಕ್ಕೆ ಹೋದ. ಅಲ್ಲಿ ಯಾರೋ ಪಾಸ್‌ಪೋರ್ಟ್ ಫೋಟೊಕ್ಕೆ ಕಾಯುತ್ತಿದ್ದರು. ರೆಡಿನಾ ಹಿಂದಿನ ಮೂಲೆಯಲ್ಲಿ ಕೂತು ಯಂತ್ರ ಕಾಯಲು ಬಿಟ್ಟ. ಕಟ್ಟು ಬಿಚ್ಚಿ ಮೊದಲ ಪ್ರತಿಯನ್ನು ಪ್ಲಾಸ್ಟಿಕ್ಕಿನೊಳಗೆ ಸೇರಿಸಿದ. ಪಕ್ಕದ ಅಂಚಿನಲ್ಲಿ, ಆಗ ಗಮನಿಸದಿದ್ದ ಒಬ್ಬ ಮನುಷ್ಯ ಕಂಡ. ಕ್ಯಾಮೆರಾ ಹಿಡಿದು, ಬಾಯಿ ತೆರೆದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಇಡೀ ಫೋಟೊದಲ್ಲಿ ಕಣ್ಣು ಮುಚ್ಚಿದವನು ಅವನೊಬ್ಬನೇ. ಅವನ ಪಕ್ಕದಲ್ಲಿ, ದೊಡ್ಡಮ್ಮ ಹೊಲಿದುಕೊಟ್ಟ ಬಿಳಿ ಕೊಡೆ ಸೂರ್ಯನ ಹಾಗೆ ಉರಿಯುತ್ತಿತ್ತು.

ಬೆನ್ನ ಹಿಂದೆ ಫಳ್ ಎಂದಿತು. ರೆಡಿನಾ ತಿರುಗಿದ. ಕಪಾಟಿನ ಮೇಲೆ ಅವನ ಫ್ಲ್ಯಾಶ್. ಯಾರೂ ಮುಟ್ಟಿರಲಿಲ್ಲ. ಕ್ಯಾಮೆರಾ ಬೀರುವಿನಲ್ಲಿತ್ತು, ಬೀಗ ಬಿದ್ದಿತ್ತು. ಅವನು ಅದನ್ನೇ ನೋಡುತ್ತ ನಿಂತ. ಎದುರು ಸ್ಟುಡಿಯೊದ ಗಾಜಿನಲ್ಲಿ ಬೆಳಕು ಮಿಂಚಿತು. ಅದೇ ಕ್ಷಣಕ್ಕೆ ಕಪಾಟಿನ ಮೇಲೂ ಮಿಂಚಿತು. ಅಲ್ಲೊಂದು, ಇಲ್ಲೊಂದು. ಎರಡೂ ಒಂದನೇ ನಂಬರಿನಲ್ಲಿ, ಅಣ್ಣ ಒತ್ತಿದ ಸುದ್ದಿ ಇಲ್ಲಿಗೂ ಬರುತ್ತಿತ್ತು.

ಅಂಗಡಿಯವನು ತೆರೆದು, ಮಾತು ಮುಗಿಸದೇ ಬಿಟ್ಟ ಬಾಯಿ ಈಗ ಅವನ ಕಣ್ಣ ಮುಂದೆ ಬಂತು.

"ಭಾವ," ಎಂದು ಕೂಗಿದ. "ಆ ಫೋಟೊದಲ್ಲಿರೋ ಬೆಳಕು ನಂದು."

ಭಾವ ಕೌಂಟರಿನ ಬಳಿಯಿಂದಲೇ, ತಿರುಗಲಾರದೆ, ಸೊಂಟ ಹಿಡಿದುಕೊಂಡು ನಕ್ಕ. ಹೌದಪ್ಪ, ಸೂರ್ಯನೂ ನಿಂದೇ, ಚಂದ್ರನೂ ನಿಂದೇ, ಆ ಕಟ್ಟು ನಾಳೆ ಬೆಳಿಗ್ಗೆಗೆ ಮುಗೀಬೇಕು ನೋಡು ಎಂದ.

ಯಂತ್ರದ ಹಸಿರು ದೀಪ ಹತ್ತಿತು. ರೆಡಿನಾ ಪ್ರಿಂಟನ್ನು ಅದರ ಬಾಯಿಗೆ ಹಿಡಿದ. ಒಳಗೆ ಹೋಗುತ್ತಿದ್ದ ತನ್ನ ಮುಖವನ್ನು ಇನ್ನೊಮ್ಮೆ ಸರಿಯಾಗಿ ನೋಡಿಕೊಳ್ಳಬೇಕೆಂದು ಬಗ್ಗಿದ.

ಎದುರು ಸ್ಟುಡಿಯೊದಲ್ಲಿ ಅಣ್ಣ ಬಟನ್ ಒತ್ತಿದ. ರೆಡಿನಾನ ಕಣ್ಣು ಮುಚ್ಚಿಕೊಂಡವು.